ದೊಡ್ಡಪ್ಪನ ಮಾತಿಗೆ ತಾಲಿನ್‌ನಿಂದ ಉತ್ತರ

ತಾಲಿನ್, ಎಸ್ಟೋನಿಯಾ
ನವೆಂಬರ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಚಳಿ ಶುರುವಾಗಿದೆ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲೆ. ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಗಿರಬೇಕು. ಕೊನೆಗಾರರು ಸಿಕ್ಕಿದರಾ? ಈ ಸಲ ಕೊಳೆ ರೋಗ ಜಾಸ್ತಿ ಅಂತ ಅಮ್ಮ ಹೇಳಿದ್ದಳು, ತೋಟದ ಕೆಳಗಿನ ಭಾಗ ಉಳೀತಾ ಅಂತ ಬರೆಯಿರಿ.

ಮೊನ್ನೆ ಫೋನಿನಲ್ಲಿ ದೊಡ್ಡಪ್ಪ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. "ಈ ಸಣ್ಣ ಸಣ್ಣ ದೇಶಗಳೆಲ್ಲ ಅಮೆರಿಕದ ಬೆನ್ನ ಹಿಂದೆ ಬೆಚ್ಚಗೆ ಕೂತಿವೆ, ಕೈಯಿಂದ ಒಂದು ಕಾಸೂ ಬಿಚ್ಚುವುದಿಲ್ಲ" ಅಂದರು. ಪಕ್ಕದಲ್ಲಿ ಕೂತು ನೀವೂ "ಹೌದು ಮತ್ತೆ" ಅಂದಿದ್ದು ಕೇಳಿಸಿತು ಅಪ್ಪಾ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನೆಚ್ಚಿಕೊಂಡಿರುವುದು ನಿಜ, ಅದರಲ್ಲಿ ಎರಡು ಮಾತಿಲ್ಲ. ಎಸ್ಟೋನಿಯಾದ ಜನಸಂಖ್ಯೆ ಹದಿನಾಲ್ಕು ಲಕ್ಷವೂ ಇಲ್ಲ, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಕಡಿಮೆ. ಸ್ವಂತದ್ದು ಅಂತ ಒಂದು ಯುದ್ಧ ವಿಮಾನವೂ ಇಲ್ಲ. 2004ರಲ್ಲಿ ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೋ ಸೇರಿದಾಗಿನಿಂದ ಇಲ್ಲಿಯ ಆಕಾಶವನ್ನು ಮಿತ್ರ ದೇಶಗಳು ಸರದಿ ಪ್ರಕಾರ ಕಾಯುತ್ತಿವೆ. ದೊಡ್ಡ ದೇಶಗಳ ಕಥೆಯೂ ತೀರಾ ಬೇರೆಯಲ್ಲ. 2011ರಲ್ಲಿ ಲಿಬಿಯಾದ ಮೇಲೆ ದಾಳಿ ಮಾಡಿದಾಗ ಯುರೋಪಿನವರಿಗೆ ಗುರಿ ನೋಡಿ ಹಾಕುವ ಬಾಂಬುಗಳೇ ಸಾಲದೆ ಬಂದವು, ಆಕಾಶದಲ್ಲಿ ಇಂಧನ ತುಂಬಿಸುವ ವಿಮಾನಗಳಿಗೂ ಅಮೆರಿಕವೇ ಗತಿಯಾಯಿತು. ಅದೇ ವರ್ಷ ಜರ್ಮನಿ ಕಡ್ಡಾಯ ಸೇನಾ ಸೇವೆಯನ್ನು ನಿಲ್ಲಿಸಿತು. ದೊಡ್ಡಪ್ಪನ ಮಾತು ಅಂಥ ದೇಶಗಳಿಗೆ ಸಲ್ಲುತ್ತದೆ ಅಂದರೆ ನಾನೂ ಒಪ್ಪುತ್ತೇನೆ. ಶ್ರೀಮಂತ ದೇಶಗಳು ಎಷ್ಟೋ ವರ್ಷ ಈ ಖರ್ಚನ್ನು ಸುಮ್ನೆ ಮುಂದೂಡಿದವು.

ಆದರೆ ಇಲ್ಲಿಯವರನ್ನು ಆ ಸಾಲಿನಲ್ಲಿ ಕೂರಿಸಬೇಡಿ. ಇಲ್ಲಿ ಹುಡುಗರಿಗೆ ಸೇನಾ ಸೇವೆ ಕಡ್ಡಾಯ, ಮುಗಿದ ಮೇಲೂ ಮೀಸಲು ಪಡೆಯಲ್ಲಿ ಹೆಸರಿರುತ್ತದೆ. ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದಾನೆ, ನನ್ನ ಪಕ್ಕದ ಮೇಜು. ಹೋದ ತಿಂಗಳು ತರಬೇತಿಗೆ ಕರೆ ಬಂತು ಅಂತ ಅರ್ಧ ಬರೆದ ಕೋಡನ್ನು ನನ್ನ ಕೈಗೆ ಕೊಟ್ಟು ಹೋದ. ವಾಪಸು ಬಂದಾಗ ಬೂಟಿನ ಅಂಚಿನಲ್ಲಿ ಇನ್ನೂ ಕಪ್ಪು ಕೆಸರು, ಅಂಗೈಯಲ್ಲಿ ಗುಳ್ಳೆ, ಕೆಮ್ಮು ಬೇರೆ. ಬಂದವನೇ ಬಿಟ್ಟ ಸಾಲಿನಿಂದ ಕೆಲಸ ಮುಂದುವರಿಸಿದ. ಆಫೀಸಿನಲ್ಲಿ ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಒಬ್ಬ ಅಂಥವನಿದ್ದಾನೆ. ದುಡ್ಡಿನ ವಿಷಯಕ್ಕೆ ಬಂದರೆ, 2024ರಲ್ಲೇ ಈ ದೇಶ ತನ್ನ ಜಿಡಿಪಿಯ ಶೇ 3ಕ್ಕಿಂತ ಜಾಸ್ತಿ ರಕ್ಷಣೆಗೆ ಇಟ್ಟಿತ್ತು. ಅದೂ ಸಾಲದು ಅಂತ 2025ರ ಜುಲೈಯಲ್ಲಿ ಮಾರಾಟ ತೆರಿಗೆಯನ್ನು ಶೇ 22ರಿಂದ 24ಕ್ಕೆ ಏರಿಸಿದರು. ನಾನು ಹಾಲು, ಬ್ರೆಡ್ಡು ತಂದರೂ ಬಿಲ್ಲಿನಲ್ಲಿ ಅದು ಕಾಣುತ್ತದೆ.

ಇನ್ನೊಂದು ವಿಷಯ ಊರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಅನ್ನುವ ನೇಟೋದ ಐದನೇ ವಿಧಿಯನ್ನು ಇಲ್ಲಿಯವರೆಗೆ ಬಳಸಿದ್ದು ಒಂದೇ ಸಲ. ಅದೂ ಅಮೆರಿಕಕ್ಕಾಗಿ, 2001ರ ಸೆಪ್ಟೆಂಬರ್ ದಾಳಿಯ ನಂತರ. ಸಣ್ಣ ದೇಶಗಳು ಅಫ್ಘಾನಿಸ್ತಾನಕ್ಕೆ ಹೋದವು. ಎಸ್ಟೋನಿಯಾದ 9 ಸೈನಿಕರು ಅಲ್ಲಿ ಸತ್ತರು, ಡೆನ್ಮಾರ್ಕಿನವರು 40ಕ್ಕೂ ಜಾಸ್ತಿ. ನಮ್ಮಲ್ಲಿ ನೆಟ್ಟಿಗೆ ಮುಯ್ಯಾಳು ಹೋಗುವಾಗ ಎರಡೆಕರೆಯವನು ಇಪ್ಪತ್ತೆಕರೆಯವನ ಗದ್ದೆಗೂ ಇಳಿಯುತ್ತಿದ್ದ, ಅಲ್ವಾ? ಆಮೇಲೆ ಅವನ ಗದ್ದೆಗೆ ಜನ ಬಂದರೆ ಪುಕ್ಕಟೆ ಕೆಲಸ ಮಾಡಿಸಿಕೊಂಡ ಅಂತ ಯಾರಾದರೂ ಅನ್ನುತ್ತಿದ್ದರಾ?

ಯಾರ ಗುಂಪಿಗೂ ಸೇರದೆ ನಮ್ಮ ಹಾಗೆ ಇರಬಹುದಲ್ಲ ಅಂತ ನೀವು ಮುಂಚೆಯೂ ಕೇಳಿದ್ದೀರಿ ಅಪ್ಪಾ. ಇವರು ಅದನ್ನೂ ಮಾಡಿ ನೋಡಿದ್ದಾರೆ. ಎರಡನೇ ಮಹಾಯುದ್ಧ ಶುರುವಾದಾಗ ಎಸ್ಟೋನಿಯಾ ತಟಸ್ಥ ದೇಶವಾಗಿತ್ತು. 1939ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟ ಹೆದರಿಸಿ ಒಪ್ಪಂದಕ್ಕೆ ಸಹಿ ಹಾಕಿಸಿ ಸೇನಾ ನೆಲೆ ಮಾಡಿಕೊಂಡಿತು. ಮರುವರ್ಷ ದೇಶವನ್ನೇ ನುಂಗಿತು. 1949ರ ಮಾರ್ಚ್ 25ರಿಂದ ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ವಾಷಿಂಗ್ಟನ್ನಿನಲ್ಲಿ ನೇಟೋ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಅದೇ ವರ್ಷ ಏಪ್ರಿಲ್ 4ಕ್ಕೆ. ಹತ್ತೇ ದಿನದ ಅಂತರ. ಕಡೆಯ ರಷ್ಯನ್ ತುಕಡಿಗಳು ಈ ನೆಲ ಬಿಟ್ಟು ಹೋಗಿದ್ದು 1994ರ ಆಗಸ್ಟಿನಲ್ಲಿ. ಇದನ್ನೆಲ್ಲ ಕಂಡವರು ಇನ್ನೂ ಬದುಕಿದ್ದಾರೆ.

ನಾವು ಅಷ್ಟು ದೊಡ್ಡ ದೇಶವಾಗಿಯೂ 1971ರ ಆಗಸ್ಟಿನಲ್ಲಿ ಸೋವಿಯತ್ ಜೊತೆ ಒಪ್ಪಂದ ಮಾಡಿಕೊಂಡೆವು. ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುವಾಗ ಅಮೆರಿಕದ ಎಂಟರ್‌ಪ್ರೈಸ್ ಯುದ್ಧ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ಎಲ್ಲರೂ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದಿರಿ ಅಂತ ನೀವೇ ಹೇಳಿದ್ದೀರಿ. ಆಗ ನಮಗೆ ಬೇಕಾಗಿದ್ದು ಇವರಿಗೆ ಬೇಡವಾ?

ದೊಡ್ಡಪ್ಪ ಕೆಳದಿ ಚೆನ್ನಮ್ಮನ ಉದಾಹರಣೆ ತೆಗೆಯುತ್ತಾರೆ ಅಂತ ಗೊತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು, ನಿಜ, ನನಗೂ ಅದು ಹೆಮ್ಮೆಯೇ. ಆದರೆ ಅವಳ ಬೆನ್ನಿಗೆ ನಮ್ಮ ಘಟ್ಟ ಇತ್ತು, ಕಾಡಿತ್ತು, ಮಳೆ ಇತ್ತು. ಈ ದೇಶದ ಅತಿ ಎತ್ತರದ ಬೆಟ್ಟ 318 ಮೀಟರ್, ನಮ್ಮ ಕುಂದಾದ್ರಿ ಬೆಟ್ಟದ ಅರ್ಧವೂ ಇಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ಐದನೇ ವಿಧಿಯಲ್ಲಿ ಯುದ್ಧಕ್ಕೆ ಬಂದೇ ಬರುತ್ತೇವೆ ಅಂತ ಬರೆದಿಲ್ಲ, ಪ್ರತಿ ದೇಶ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳುತ್ತದೆ ಅಂತಿದೆ. ಅಂದರೆ ಎಲ್ಲವೂ ನಂಬಿಕೆಯ ಮೇಲೆ ನಿಂತಿದೆ. ಟ್ರಂಪ್ ಗ್ರೀನ್‌ಲ್ಯಾಂಡ್ ತಮಗೆ ಬೇಕು ಅಂದಿದ್ದು ಯಾರಿಂದ? ಅಫ್ಘಾನಿಸ್ತಾನದಲ್ಲಿ ತಮ್ಮ ಜೊತೆ ನಿಂತು ಮಕ್ಕಳನ್ನು ಕಳೆದುಕೊಂಡ ಡೆನ್ಮಾರ್ಕಿನಿಂದ. ಅದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಒಬ್ಬನನ್ನೇ ನೆಚ್ಚಿ ಕೂರಬಾರದು ಅನ್ನುವುದರಲ್ಲಿ ದೊಡ್ಡಪ್ಪ ಸರಿ. ಆದರೆ ಅದಕ್ಕೆ ದಾರಿ ಒಂಟಿಯಾಗಿ ನಿಲ್ಲುವುದಲ್ಲ, ಸಣ್ಣವರು ಒಬ್ಬರಿಗೊಬ್ಬರು ಆಗುವುದು. 2025ರ ಸೆಪ್ಟೆಂಬರಿನಲ್ಲಿ ರಷ್ಯಾದ ಮೂರು ಮಿಗ್ ಯುದ್ಧ ವಿಮಾನಗಳು ಇಲ್ಲಿಯ ಗಡಿ ದಾಟಿ 12 ನಿಮಿಷ ಒಳಗಿದ್ದವಲ್ಲ, ಆಗ ಎದ್ದು ಹೋಗಿದ್ದು ಇಟಲಿಯ ವಿಮಾನಗಳು. ಇಲ್ಲಿಯ ತಾಪಾ ಅನ್ನುವ ಊರಿನಲ್ಲಿ 2017ರಿಂದ ಬ್ರಿಟನ್ನಿನ ಸೈನಿಕರಿದ್ದಾರೆ. ಸಮುದ್ರದ ಆಚೆ ದಡದ ಫಿನ್ಲೆಂಡ್ 2023ರಲ್ಲಿ ನೇಟೋಗೆ ಬಂತು. ಇಲ್ಲಿಯವರಿಗೆ ಈಗ ಧೈರ್ಯ ಕೊಡುವುದು ಇವೇ.

ಅಮ್ಮಾ, ನೀನು ಹೆದರಬೇಡ. ಊರು ಶಾಂತವಾಗಿದೆ, ಕೆಲಸ ನಡೀತಿದೆ, ಮಾರ್ಚಿನಲ್ಲಿ ಬರುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ನನಗೆ ಅಂತ ಎತ್ತಿಡು.

ಅಪ್ಪಾ, ಇದನ್ನು ದೊಡ್ಡಪ್ಪನಿಗೂ ಓದಿ ಹೇಳಿ. ಒಪ್ಪದಿದ್ದರೆ ಬೇಜಾರಿಲ್ಲ, ಆದರೆ 1939ರಲ್ಲಿ ಎಸ್ಟೋನಿಯಾ ಬೇರೆ ಏನು ಮಾಡಬಹುದಿತ್ತು ಅಂತ ಅವರೇ ಹೇಳಲಿ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಪ್ರೀತಿಯ ಮಗಳು