ಜ್ವರ ಬಿಟ್ಟಿತು ಅಂತ ಮಾತ್ರೆ ಬಿಟ್ಟಳು

ಸಂಪಾದಕರೇ,

ನಮ್ಮದು ಶಹಾಪುರ ಕಡೆಯ ಹಳ್ಳಿ. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಾಳೆ. ಮೂರು ತಿಂಗಳಲ್ಲಿ ಎರಡು ಸಲ ಚಳಿಜ್ವರ. ವೈವಾಕ್ಸ್ ಮಲೇರಿಯಾ ಅಂದರು ಡಾಕ್ಟರು. ಇದರ ರೋಗಾಣು ಲಿವರಿನಲ್ಲಿ ಅಡಗಿ ಕೂತು ಮತ್ತೆ ಏಳುತ್ತದೆ, ಅದಕ್ಕೇ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಬಿಡದೆ ನುಂಗಬೇಕು ಅಂತ ಹೇಳಿದ್ದರು. ಇವಳು ಐದನೇ ದಿನಕ್ಕೇ ಬಿಟ್ಟಿದ್ದಳು! ನಾನು ಹೋದಾಗ ಉಳಿದ ಮಾತ್ರೆ ದಿಂಬಿನ ಕೆಳಗಿತ್ತು, ಪಕ್ಕದ ತಟ್ಟೆಯಲ್ಲಿ ಮುಟ್ಟದ ಜೋಳದ ರೊಟ್ಟಿ. ನಾವು ಫೋನಿನಲ್ಲಿ ಸುಮ್ನೆ ‘ಹುಷಾರಿದ್ದೀಯಾ’ ಅಂತೀವಿ, ಮಕ್ಕಳು ‘ಹೂಂ’ ಅಂತಾರೆ, ಅಲ್ವಾ? ಈಗ ದಿನಾ ರಾತ್ರಿ ಊಟವಾದ ಮೇಲೆ ವಿಡಿಯೋ ಕಾಲಿನಲ್ಲಿ ನನ್ನೆದುರೇ ನುಂಗುತ್ತಾಳೆ, ಸಿಟ್ಟಿನಿಂದಲೇ. ಹಾಸ್ಟೆಲಿನಲ್ಲಿ ಒಂದು ಥರ್ಮಾಮೀಟರ್, ಜ್ವರ ಬಂದವರಿಗೆ ಗಂಜಿ, ಡಾಕ್ಟರ ಚೀಟಿ ತಂದರೆ ಹಾಜರಾತಿಯಲ್ಲಿ ರಿಯಾಯಿತಿ. ಇಷ್ಟು ಕೇಳೋದು ಜಾಸ್ತಿಯಾಯಿತೇ?

– ಒಬ್ಬ ತಂದೆ, ಯಾದಗಿರಿ ಜಿಲ್ಲೆ