ನನ್ನ ಟಿ ಕೋಶಗಳಿಗೂ ಒಂದು ಥ್ಯಾಂಕ್ಸ್

ಸ್ಕ್ಯಾನ್ ವರದಿ ಚೆನ್ನಾಗಿ ಬಂದಿದೆ. ಶ್ವಾಸಕೋಶದಲ್ಲಿ ಗೆಡ್ಡೆ ಇದ್ದ ಜಾಗದಲ್ಲಿ ಈಗ ಒಂದು ಸಣ್ಣ ಕಲೆ ಮಾತ್ರ ಕಾಣುತ್ತದೆ. ಮೈಯ ರೋಗನಿರೋಧಕ ಕೋಶಗಳಿಂದಲೇ ಕ್ಯಾನ್ಸರಿನ ಮೇಲೆ ದಾಳಿ ಮಾಡಿಸುವ ಇಮ್ಯುನೊಥೆರಪಿಯ ಕೋರ್ಸ್ ಮುಗಿಯಿತು, ಡ್ರಿಪ್ ಇನ್ನು ಬೇಡ, ಆಗಾಗ ಸ್ಕ್ಯಾನ್ ಮಾಡಿಸುತ್ತಾ ಇರಿ ಎಂದಿದ್ದಾರೆ ಡಾಕ್ಟರು. ಪೂರ್ತಿ ವಾಸಿಯಾಯಿತು ಅಂತ ಅವರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೂ ಖುಷಿಪಡಲು ಇಷ್ಟು ಸಾಕು.

ಸುದ್ದಿ ತಿಳಿದವರೆಲ್ಲ ನನ್ನ ಮನೋಬಲವನ್ನು ಹೊಗಳುತ್ತಿದ್ದೀರಿ. ಪ್ರೀತಿಯಿಂದಲೇ ಹೇಳುತ್ತಿದ್ದೀರಿ, ಗೊತ್ತು. ಆದರೆ ನನಗಿಂತ ಗಟ್ಟಿ ಮನಸ್ಸಿನವರು ನನ್ನ ಪಕ್ಕದ ಕುರ್ಚಿಗಳಲ್ಲೇ ಕೂತು ಇದೇ ಔಷಧಿ ಹಾಕಿಸಿಕೊಂಡರು. ಕೆಲವರಿಗೆ ಅದು ಹಿಡಿಯಲಿಲ್ಲ. ಅವರ ಮನೋಬಲ ಕಮ್ಮಿಯಾಗಿತ್ತು ಅಂತ ಯಾರಾದರೂ ಹೇಳಲು ಸಾಧ್ಯವೇ? ಅದಕ್ಕೇ ಈ ಹೊಗಳಿಕೆ ಒಪ್ಪಿಕೊಳ್ಳಲು ಮುಜುಗರ. ಕೆಲಸ ಮಾಡಿದವರು ಬೇರೆ ಇದ್ದಾರೆ. ಅವರ ಪಟ್ಟಿ ಉದ್ದವಿದೆ.

ಮೊದಲನೆಯದು ನನ್ನದೇ ಟಿ ಕೋಶಗಳು. ನಗಬೇಡಿ. ಇವು ಬಿಳಿ ರಕ್ತಕಣಗಳ ಒಂದು ಬಗೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ಅಲ್ಲಿ ಪರೀಕ್ಷೆ ಬಲು ಕಠಿಣ. ನಮ್ಮ ಮೈಯನ್ನೇ ವೈರಿ ಎಂದುಕೊಳ್ಳುವಂಥವು ಹೆಚ್ಚಾಗಿ ಅಲ್ಲೇ ಸಾಯುತ್ತವೆ. ಪಾಸಾದ ಸ್ವಲ್ಪವೇ ಕೋಶಗಳು ಹೊರಬಂದು ಜೀವಮಾನವಿಡೀ ತಪಾಸಣೆ ಮಾಡುತ್ತಾ ತಿರುಗುತ್ತವೆ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ಇಟ್ಟು ತೋರಿಸುತ್ತದೆ. ಕ್ಯಾನ್ಸರ್ ಕೋಶದ ಜೀನುಗಳು ಕೆಟ್ಟಿರುವುದರಿಂದ ಅದು ತೋರಿಸುವ ಚೂರುಗಳಲ್ಲಿ ಕೆಲವು ವಿಚಿತ್ರವಾಗಿರುತ್ತವೆ. ಅದನ್ನು ಗುರುತಿಸಿದ ಟಿ ಕೋಶ ಆ ಕೋಶಕ್ಕೆ ಅಂಟಿಕೊಂಡು, ಪರ್ಫೊರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಗೆ ತೂತು ಕೊರೆದು, ಕೋಶವನ್ನು ಸಾಯಿಸುವ ಕಿಣ್ವಗಳಾದ ಗ್ರಾನ್‌ಜೈಮ್‌ಗಳನ್ನು ಒಳಗೆ ಬಿಡುತ್ತದೆ. ಕ್ಯಾನ್ಸರ್ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಟಿ ಕೋಶ ಮುಂದಿನದರ ಕಡೆ ಹೋಗುತ್ತದೆ.

ಕೆಲವು ಕ್ಯಾನ್ಸರ್ ಕೋಶಗಳು ಚೂರು ತೋರಿಸುವುದನ್ನೇ ನಿಲ್ಲಿಸಿಬಿಡುತ್ತವೆ. ಹಾಗೆ ಏನನ್ನೂ ತೋರಿಸದ ಕೋಶವನ್ನು ಅನುಮಾನಿಸಿ ಕೊಲ್ಲಲು ನ್ಯಾಚುರಲ್ ಕಿಲ್ಲರ್, ಅಂದರೆ ಎನ್‌ಕೆ ಕೋಶಗಳು ಅಂತ ಬೇರೆಯೇ ಇವೆ. ಇವುಗಳನ್ನು ಗುರುತಿಸಿದ್ದು 1975ರಲ್ಲಿ. ಎಂಥ ವ್ಯವಸ್ಥೆ ನೋಡಿ!

ಇಷ್ಟೆಲ್ಲ ಇದ್ದೂ ನನಗೆ ಗೆಡ್ಡೆ ಬೆಳೆದದ್ದು ಹೇಗೆ? ನಾನು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. ಅವರು ಗಡಿಯಾರ ನೋಡದೆ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಅದಕ್ಕೇ ಅವರಿಗೊಂದು ದೊಡ್ಡ ನಮಸ್ಕಾರ. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಸೋಂಕು ಮುಗಿದ ಮೇಲೂ ಟಿ ಕೋಶಗಳು ದಾಳಿ ಮಾಡುತ್ತಲೇ ಇದ್ದರೆ ನಮ್ಮ ಅಂಗಗಳೇ ಹಾಳಾಗುತ್ತವೆ, ಹಾಗಾಗಿ ಬ್ರೇಕ್ ಬೇಕೇ ಬೇಕು. ನನ್ನ ಗೆಡ್ಡೆಯ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಮೈ ತುಂಬ ಹೊದ್ದುಕೊಂಡು ಆ ಬ್ರೇಕನ್ನು ಒತ್ತಿ ಹಿಡಿದಿದ್ದವು. ಟಿ ಕೋಶಗಳು ಗೆಡ್ಡೆಯವರೆಗೆ ಬಂದು ಸುಮ್ನೆ ನಿಂತಿದ್ದವು. ಔಷಧಿ ಮಾಡಿದ್ದು ಆ ಒತ್ತುವ ಕೈಯನ್ನು ತಡೆಯುವುದು, ಅಷ್ಟೇ. ಕ್ಯಾನ್ಸರ್ ಕೋಶವನ್ನು ಅದು ನೇರವಾಗಿ ಕೊಲ್ಲುವುದಿಲ್ಲ.

ನನ್ನ ಟಿ ಕೋಶಗಳಿಗೆ ಅಡ್ಡಿಯಾಗಿದ್ದದ್ದು ಆ ಬ್ರೇಕ್. ಹೀಗಾಗಿ "ಇಮ್ಯುನಿಟಿ ಹೆಚ್ಚಿಸುವ" ಪುಡಿ, ಕಷಾಯ, ಕ್ಯಾಪ್ಸೂಲ್ ಕಳಿಸಿದ ಬಂಧುಗಳಿಗೆ ಥ್ಯಾಂಕ್ಸ್, ಆದರೆ ಅವೆಲ್ಲ ಕಪಾಟಿನಲ್ಲೇ ಇವೆ. ಬೇಕಾದವರು ತಗೊಂಡು ಹೋಗಬಹುದು.

ಈ ಬ್ರೇಕ್ ಇದೆ ಅಂತ ಹುಡುಕಿದವರಿಗೂ ಕೃತಜ್ಞತೆ ಹೇಳಬೇಕಲ್ವಾ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಲ್ಯಾಬು 1992ರಲ್ಲಿ ಪಿಡಿ-1 ಜೀನನ್ನು ಕಂಡುಹಿಡಿಯಿತು. ಅವರು ಆಗ ಹುಡುಕುತ್ತಿದ್ದದ್ದು ಕೋಶಗಳು ಸಾಯುವುದು ಹೇಗೆ ಎಂಬುದನ್ನು. ಅದು ಬ್ರೇಕ್ ಅಂತ ತಿಳಿಯಲು ಇನ್ನೂ ವರ್ಷಗಳು ಹಿಡಿದವು. ಅಮೆರಿಕದಲ್ಲಿ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ತಡೆದು ಇಲಿಗಳ ಗೆಡ್ಡೆ ಕರಗಿಸಿದರು. ಔಷಧಿ ಕಂಪನಿಗಳು ಮೊದಮೊದಲು ಅಷ್ಟಾಗಿ ಆಸಕ್ತಿ ತೋರಲಿಲ್ಲ. ಆಲಿಸನ್ ಬಿಡಲಿಲ್ಲ. ಆ ದಾರಿಯ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದವರು ರಾಲ್ಫ್ ಸ್ಟೈನ್‌ಮನ್. ವೈರಿಯ ಚೂರುಗಳನ್ನು ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ದು ಟಿ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಗಳನ್ನು 1973ರಲ್ಲಿ ವಿವರಿಸಿದವರು. ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ತಾವೇ ಗುರುತಿಸಿದ ಆ ಕೋಶಗಳಿಂದ ಮಾಡಿದ ಚಿಕಿತ್ಸೆಯನ್ನು ತಮ್ಮ ಮೇಲೂ ಪ್ರಯೋಗಿಸಿಕೊಂಡರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನ ಬಿಟ್ಟು, ಸಾವಿನ ಸುದ್ದಿ ತಿಳಿಯದ ನೊಬೆಲ್ ಸಮಿತಿ ಅವರ ಹೆಸರು ಘೋಷಿಸಿತು. ಸತ್ತವರಿಗೆ ಕೊಡುವಂತಿಲ್ಲ ಎಂಬ ನಿಯಮವಿದ್ದರೂ ಆ ಬಹುಮಾನ ಹಾಗೇ ಉಳಿಯಿತು. ಸರಿಯಾಗೇ ಮಾಡಿದರು.

ಇವರೆಲ್ಲರ ಹೆಸರು ಪುಸ್ತಕಗಳಲ್ಲಿದೆ. ಹೆಸರೇ ಗೊತ್ತಿಲ್ಲದವರಿಗೆ ನಾನು ಹೆಚ್ಚು ಋಣಿ.

2012ರಲ್ಲಿ ಒಂದು ವರದಿ ಪ್ರಕಟವಾಯಿತು. ಪಿಡಿ-1 ತಡೆಯುವ ಒಂದು ಔಷಧಿಯನ್ನು 296 ಜನ ರೋಗಿಗಳಿಗೆ ಕೊಟ್ಟು ನೋಡಿದ್ದರ ಫಲಿತಾಂಶ ಅದು. ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೊಥೆರಪಿ ನಾಟುವುದಿಲ್ಲ ಎಂದೇ ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಆ ಗುಂಪಿನಲ್ಲಿ ನನ್ನಂಥ ಶ್ವಾಸಕೋಶದ ರೋಗಿಗಳಲ್ಲಿ ಸುಮಾರು 18 ಶೇಕಡಾ ಜನರಿಗೆ ಗೆಡ್ಡೆ ಕುಗ್ಗಿತು. ಅಂದರೆ ಐವರಲ್ಲಿ ನಾಲ್ವರಿಗೆ ಕುಗ್ಗಲಿಲ್ಲ. ಔಷಧಿಯಿಂದಲೇ ಶ್ವಾಸಕೋಶ ಉರಿಯೂತಗೊಂಡು ಮೂವರು ತೀರಿಕೊಂಡರು. ತಮಗೆ ಉಪಯೋಗವಾಗುತ್ತದೆ ಎಂಬ ಖಾತರಿ ಇಲ್ಲದೆ, ಮೈಗೆ ಏನಾದೀತು ಎಂದು ಯಾರಿಗೂ ಸರಿಯಾಗಿ ತಿಳಿಯದ ಕಾಲದಲ್ಲಿ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ನನಗೆ ಎಷ್ಟು ಪ್ರಮಾಣ ಕೊಡಬೇಕು, ಯಾವಾಗ ನಿಲ್ಲಿಸಬೇಕು, ಯಾವ ಲಕ್ಷಣಕ್ಕೆ ಹೆದರಬೇಕು ಎಂಬುದೆಲ್ಲ ಅವರಂಥವರ ಮೈಮೇಲೆ ಕಲಿತ ಪಾಠ. ಅವರ ಮನೆಯವರನ್ನು ನಾನು ಎಂದೂ ಭೇಟಿಯಾಗಲಾರೆ. ಇದನ್ನು ಬರೆದದ್ದು ಮುಖ್ಯವಾಗಿ ಅವರಿಗಾಗಿ.

ಡ್ರಿಪ್ ಹಾಕುವ ಮೊದಲು ಸಿಸ್ಟರ್ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದರು: ಒಣಕೆಮ್ಮು ಇದೆಯಾ, ಏದುಸಿರು ಬರುತ್ತಾ, ಭೇದಿ ಆಯ್ತಾ, ಮೈಮೇಲೆ ದದ್ದು ಇದೆಯಾ. ಆ ಮೂವರ ವಿಷಯ ಓದಿದ ಮೇಲೆ ಆ ಪ್ರಶ್ನೆಗಳ ತೂಕ ಗೊತ್ತಾಯಿತು. ಬ್ರೇಕ್ ತೆಗೆದ ಟಿ ಕೋಶಗಳು ಕರುಳು, ಯಕೃತ್ತು, ಶ್ವಾಸಕೋಶ ಯಾವುದರ ಮೇಲೆ ಬೇಕಾದರೂ ತಿರುಗಿ ಬೀಳಬಹುದು. ನನ್ನಲ್ಲಿ ಥೈರಾಯ್ಡ್ ಮೇಲೆ ಬಿದ್ದವು. ದನಿ ಒರಟಾಗಿದೆ, ನಡಿಗೆ ನಿಧಾನವಾಗಿದೆ ಎಂದು ಮೊದಲು ಗಮನಿಸಿದ್ದು ಸಿಸ್ಟರೇ. ರಕ್ತಪರೀಕ್ಷೆ ಮಾಡಿಸಿದಾಗ ಅವರ ಅನುಮಾನ ನಿಜವಾಯಿತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಯ್ಡ್ ಮಾತ್ರೆ. ಇದು ನನಗೆ ದೊಡ್ಡ ನಷ್ಟ ಅನ್ನಿಸಿಲ್ಲ.

ಬಯಾಪ್ಸಿ ಚೂರನ್ನು ಬಣ್ಣ ಹಾಕಿ ನೋಡಿ, ಅರ್ಧಕ್ಕಿಂತ ಜಾಸ್ತಿ ಕೋಶಗಳ ಮೇಲೆ ಪಿಡಿ-ಎಲ್1 ಇದೆ ಎಂದು ಬರೆದ ಪೆಥಾಲಜಿ ಡಾಕ್ಟರ ಮುಖ ನಾನು ನೋಡಿಲ್ಲ. ಕೀಮೋ ಇಲ್ಲದೆ ಇದೊಂದೇ ಔಷಧಿಯಿಂದ ಶುರು ಮಾಡಬಹುದು ಎಂದು ನಿರ್ಧಾರವಾದದ್ದು ಆ ಒಂದು ಸಾಲಿನಿಂದ. ಅವರಿಗೂ ಥ್ಯಾಂಕ್ಸ್. ಮನೆಯವರಿಗೆ ಮನೆಯಲ್ಲೇ ಹೇಳಿದ್ದೇನೆ.

ಔಷಧಿಯ ಹೆಸರು ಕೇಳಿದವರಿಗೆ: ಪೆಂಬ್ರೊಲಿಜುಮಾಬ್. ಆದರೆ ಹೆಸರು ಹಿಡಿದುಕೊಂಡು ಓಡಬೇಡಿ. ಶ್ವಾಸಕೋಶದ್ದಾದರೆ ಪಿಡಿ-ಎಲ್1 ಮತ್ತು ಜೀನ್ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಕರುಳಿನದ್ದಾದರೆ, ಗೆಡ್ಡೆಯ ಕೋಶಗಳಲ್ಲಿ ಡಿಎನ್ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಎಂದು ತಿಳಿಸುವ ಎಂಎಸ್‌ಐ ಪರೀಕ್ಷೆಯ ಬಗ್ಗೆ ಕೇಳಿ. ಮೊದಲೇ, ರೋಗನಿರೋಧಕ ಕೋಶಗಳು ನಮ್ಮ ಮೈಮೇಲೇ ತಿರುಗಿ ಬೀಳುವ ಲೂಪಸ್‌ನಂಥ ಕಾಯಿಲೆ ಇದ್ದರೆ, ಕಿಡ್ನಿ ಕಸಿಯಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಏನು ಕೇಳಬೇಕು ಎಂದು ತೋಚದಿದ್ದರೆ ನನಗೆ ಫೋನ್ ಮಾಡಿ, ಕೂತು ಪ್ರಶ್ನೆಗಳನ್ನು ಬರೆದುಕೊಳ್ಳೋಣ. ಉತ್ತರ ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.