ತಿದ್ದುಪಡಿ ಮಸೂದೆ ಮೊದಲೇ ಕನ್ನಡದಲ್ಲಿ ಸಿಗಲಿ

ಮಾನ್ಯರೇ,

ಸಂವಿಧಾನ ತಿದ್ದುವುದು ಸುಲಭವೋ ಕಷ್ಟವೋ ಎಂಬುದನ್ನು ತಿದ್ದುಪಡಿಯ ವಿಧಾನ ಹೇಳುವ 368ನೇ ವಿಧಿಗಿಂತ ಪಕ್ಷಗಳ ಮರ್ಜಿಯೇ ಜಾಸ್ತಿ ತೀರ್ಮಾನಿಸುತ್ತಿದೆ. ಆ ವಿಧಿಯಂತೆ ಸಂಸತ್ತಿನ ಪ್ರತಿ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ನಿಯಮವೇನೋ ಬಿಗಿಯಾಗಿದೆ. ಆದರೆ ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ಕೊಟ್ಟ 103ನೇ ತಿದ್ದುಪಡಿಯ ಮಸೂದೆ 2019ರ ಜನವರಿ 8ರಂದು ಲೋಕಸಭೆಗೆ ಬಂತು, ಅಂದೇ ಪಾಸಾಯಿತು. ಮರುದಿನ ರಾಜ್ಯಸಭೆಯೂ ಒಪ್ಪಿತು. ಮಹಿಳಾ ಮೀಸಲಾತಿಗೆ ಮೊದಲ ಮಸೂದೆ ಮಂಡನೆಯಾದದ್ದು 1996ರಲ್ಲಿ, ಕೊನೆಗೂ ಅಂಗೀಕಾರ ಸಿಕ್ಕಿದ್ದು 2023ರಲ್ಲಿ! ಸಾಲದ್ದಕ್ಕೆ, ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶವಾದ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹೀಗಿರುವಾಗ ನಮ್ಮ ಸಂಸದರು ತಮಗೆ ಸರಿ ಕಂಡಂತೆ ಮತ ಹಾಕುವ ಮಾತೆಲ್ಲಿ?

ಮಂಡ್ಯದ ಶಾಲೆಗಳಲ್ಲಿ ಮಕ್ಕಳು ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಪೀಠಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಸಂತೋಷ. ಆದರೆ ತಿದ್ದುಪಡಿ ಮುಗಿದ ಮೇಲಷ್ಟೇ ದೊಡ್ಡವರಿಗೆ ಸುದ್ದಿ ತಲುಪಿದರೆ ಏನು ಬಂತು, ಅಲ್ವಾ? ತುರ್ತಿಲ್ಲದ ತಿದ್ದುಪಡಿ ಮಸೂದೆಗಳನ್ನು ಮತಕ್ಕೆ ಹಾಕುವ ಎರಡು ತಿಂಗಳು ಮೊದಲೇ ಸರಳ ಕನ್ನಡದಲ್ಲೂ ಪ್ರಕಟಿಸಬೇಕು. ಗ್ರಂಥಾಲಯ, ಗ್ರಾಮ ಪಂಚಾಯಿತಿಗಳಲ್ಲಿ ಅದರ ಪ್ರತಿ ಓದಲು ಸಿಗಬೇಕು.

– ಒಬ್ಬ ಓದುಗ, ಮಂಡ್ಯ